ಕುಳ್ಳಯ್ಯನ ಕಣ್ಣು

ತಾತನ ಕಣ್ಣು ಹೇಗಿದ್ದವು ಅನ್ನುವುದು ಯಶೋಧರಾಗೆ ಶ್ರೀರಂಗಪಟ್ಟಣ ದಾಟುವವರೆಗೂ ನೆನಪಾಗಲಿಲ್ಲ. ದಾಟಿದ ಮೇಲೂ ಆಗಲಿಲ್ಲ. ಹೊಳೆ ಬಂತು, ಸೇತುವೆಯ ಮೇಲೆ ಬಸ್ಸಿನವರೆಲ್ಲ ರೂಢಿಯಂತೆ ನೀರಿನ ಕಡೆ ತಿರುಗಿ ಕೈ ಮುಗಿದರು, ಅವಳು ಮಾತ್ರ ತೊಡೆಯ ಮೇಲಿದ್ದ ರಟ್ಟಿನ ಕಟ್ಟನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು ಕೂತಿದ್ದಳು. ಮೇಲೆ ಇಡಮ್ಮ, ಇನ್ನೊಬ್ಬರು ಕೂರಬೇಕು ಅಂತ ಕಂಡಕ್ಟರು ಎರಡು ಸಲ ಹೇಳಿ ಆಗಿತ್ತು. ಇದು ಮಡಚೋ ಹಾಗಿಲ್ಲ ಅಂತ ಅವಳು, ಏನಮ್ಮ ಅದು, ದೇವರ ಪಟವಾ ಅಂತ ಅವನು. ಹೌದು ಅಂದುಬಿಟ್ಟಳು. ಪಕ್ಕದಲ್ಲಿದ್ದ ಹೆಂಗಸು ಕಟ್ಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಒಳಗಿದ್ದದ್ದು ಕುಳ್ಳಯ್ಯ, ಅವಳ ತಾತ. ಸತ್ತ ದಿನ ಹಟ್ಟಿಯ ಗೋಡೆಗೆ ಒರಗಿಸಿ ಕೂರಿಸಿ, ದವಡೆಗೆ ಬಿಳಿ ಬಟ್ಟೆ ಕಟ್ಟಿ, ಹಣೆಗೆ ಕಾಸು ಅಂಟಿಸಿದಾಗ ಅವಳೇ ತೆಗೆದ ಫೋಟೊ. ಬಾಗಿಲಿಂದ ಬಂದ ಬೆಳಕು ಮುಚ್ಚಿದ ರೆಪ್ಪೆಗಳ ಮೇಲೆ ಸರಿಯಾಗಿ ಬಿದ್ದಿತ್ತು. ಇಂಥ ಬೆಳಕು ಕಾದರೂ ಸಿಗುವುದಿಲ್ಲ ಎಂದು ಮೈಸೂರಿನ ಕಾಲೇಜಿನಲ್ಲಿ ಫೋಟೊಗ್ರಫಿ ಕಲಿಸುವ ಸೋಮಯ್ಯ ಮೇಷ್ಟ್ರು ಹೇಳಿದ್ದರು. ಅವಳು ಕಾಯಲಿಲ್ಲ, ಸಿಕ್ಕಿತ್ತು. ಅದನ್ನು ನೆನೆದಾಗ ಈಗಲೂ ಒಂದು ಥರ ಖುಷಿಯಾಗುತ್ತಿತ್ತು, ಆ ಖುಷಿಗೆ ಆಮೇಲೆ ನಾಚಿಕೆಯಾಗುತ್ತಿತ್ತು.

ನಾಳೆ ಪಕ್ಷದ ಹಬ್ಬ. ತಾತ ಹೋದ ಮೇಲೆ ಮೊದಲನೇ ಎಡೆ. ಕೆ.ಆರ್. ಪೇಟೆಯ ಆಫೀಸಿನಿಂದ ಅಪ್ಪ ಹಾಸ್ಟೆಲ್ಲಿಗೆ ಫೋನು ಮಾಡಿ, ಅಜ್ಜಿಯ ಅಪ್ಪಣೆಯಾಗಿದೆ, ಫೋಟೊಕ್ಕೆ ಕಣ್ಣು ತೆರೆಸಿಕೊಂಡು ಬರಬೇಕಂತೆ ಎಂದಿದ್ದ. ಯಾರು ತೆರೆಸೋದು ಅಂದರೆ, ನೀನೇ, ಅದನ್ನೇ ಓದ್ತಾ ಇದೀಯಲ್ಲ ಎಂದ. ಕಣ್ಣು ಮುಚ್ಚಿಕೊಂಡವನ ಮುಂದೆ ಎಡೆ ಇಟ್ಟರೆ ಅವನಿಗೆ ಕಾಣುವುದಾದರೂ ಹೇಗೆ ಅನ್ನುವುದು ಅಜ್ಜಿ ಮಂಗಳಮ್ಮನ ಪ್ರಶ್ನೆ. ಅವರ ಊರು ದೇವಲಾಪುರದ ಸುತ್ತಿನಲ್ಲಿ ಇದೇನೂ ಹೊಸದಲ್ಲ. ಬದುಕಿದ್ದಾಗ ಫೋಟೊ ತೆಗೆಸದವರು ಸತ್ತ ಮೇಲೆ ತೆಗೆಸಿಕೊಳ್ಳುತ್ತಾರೆ, ಆ ಫೋಟೊವನ್ನು ನಾಗಮಂಗಲದ ತಮ್ಮಯ್ಯನ ಸ್ಟುಡಿಯೋಕ್ಕೆ ಕೊಟ್ಟರೆ ಅವನು ದವಡೆಯ ಬಟ್ಟೆ ಅಳಿಸಿ, ಕಾಸು ತೆಗೆದು, ಕಣ್ಣು ಬಿಡಿಸಿ ಕೊಡುತ್ತಾನೆ. ಅವನು ಬಿಡಿಸುವುದು ಒಂದೇ ಥರದ ಕಣ್ಣು. ಗಂಡಸಿಗೂ ಅದೇ, ಹೆಂಗಸಿಗೂ ಅದೇ. ಹೆಂಗಸಾದರೆ ತುಸು ಕಾಡಿಗೆ. ಯಾವ ಮನೆಯ ನಡುಮನೆಗೆ ಹೋಗಿ ಗೋಡೆ ನೋಡಿದರೂ ಅವೇ ದೊಡ್ಡ ದೊಡ್ಡ ಕಣ್ಣು, ಅದೇ ನೋಟ. ಯಶೋಧರಾ ಇದನ್ನು ಹಾಸ್ಟೆಲ್ಲಿನಲ್ಲಿ ಹೇಳಿ ಎಲ್ಲರನ್ನೂ ಹೊಟ್ಟೆ ಹುಣ್ಣಾಗುವ ಹಾಗೆ ನಗಿಸಿದ್ದಳು. ಕೊನೇ ವರ್ಷಕ್ಕೆ ಅವಳು ಮಾಡುತ್ತಿದ್ದ ಪುಸ್ತಕದಲ್ಲಿ, ಬಲಕ್ಕೆ ಫೋಟೊ ಎಡಕ್ಕೆ ಪದ್ಯ ಇರುವ ಪುಸ್ತಕದಲ್ಲಿ, ಅದರ ಮೇಲೊಂದು ಪದ್ಯವೇ ಇತ್ತು:

ನಮ್ಮೂರಿನ ಸತ್ತವರಿಗೆಲ್ಲ ಒಂದೇ ಜೊತೆ ಕಣ್ಣು
ಸರದಿಯ ಮೇಲೆ ಹಾಕಿಕೊಳ್ಳುತ್ತಾರೆ
ಮದುವೆಗೆ ಎರವಲು ತಂದ ಜರಿಪೇಟದ ಹಾಗೆ

ಅದನ್ನು ಓದಿದ ದಿನ ಕ್ಲಾಸಿನಲ್ಲಿ ಚಪ್ಪಾಳೆ ಬಿದ್ದಿತ್ತು. ಈ ಪದ್ಯದ ಎದುರು ತಾತನ ಮುಚ್ಚಿದ ಕಣ್ಣಿನ ಫೋಟೊ ಬರಲಿ, ಅದೇ ಕೊನೆಯ ಪುಟವಾಗಲಿ ಎಂದು ಸೋಮಯ್ಯ ಮೇಷ್ಟ್ರು ಹೇಳಿದಾಗ ಅವಳು ಹಿಗ್ಗಿಹೋಗಿದ್ದಳು. ಎರವಲು ಕಣ್ಣು ಬೇಡ ಅಂದ ಒಬ್ಬ ಮನುಷ್ಯ! ಕೇಳುವುದಕ್ಕೆ ಎಷ್ಟು ಚೆನ್ನಾಗಿತ್ತು. ಬೇಡ ಅಂತ ಆ ಮನುಷ್ಯ ಯಾವತ್ತೂ ಅಂದಿರಲಿಲ್ಲ, ಅವನನ್ನು ಯಾರೂ ಕೇಳಿರಲಿಲ್ಲ ಅನ್ನುವುದು ಬೇರೆ ಮಾತು.

ಪಾಂಡವಪುರದಲ್ಲಿ ಬಸ್ಸು ನಿಂತಿತು. ಕಬ್ಬಿನ ಗಾಡಿಗಳ ಹಿಂದೆ ಸಿಕ್ಕಿಕೊಂಡು ಇನ್ನೂ ಸ್ವಲ್ಪ ಹೊತ್ತು ನಿಂತಿತು. ಕಿಟಕಿಯಿಂದ ಕಾಣುತ್ತಿದ್ದವರ ಕಣ್ಣುಗಳನ್ನೇ ಅವಳು ನೋಡತೊಡಗಿದಳು: ಕಡಲೆಕಾಯಿ ಮಾರುವವಳದು, ಗಾಡಿ ಹೊಡೆಯುವವನದು, ಟಿಕೆಟ್ಟಿನ ಚಿಲ್ಲರೆಗಾಗಿ ಜಗಳ ಆಡುತ್ತಿದ್ದ ಮುದುಕನದು. ಎಲ್ಲವೂ ತಾತನವಿರಬಹುದು ಅನ್ನಿಸಿತು, ಹಾಗೆಂದರೆ ಯಾವುದೂ ಅಲ್ಲ. ಇವರಿಗಿಂತ ತಮ್ಮಯ್ಯನೇ ವಾಸಿ, ಅವನಿಗೆ ಒಂದಾದರೂ ಗೊತ್ತು. ತಾತನ ಕಣ್ಣು ಹೇಗಿದ್ದವು ಅಂತ ಫೋನಿನಲ್ಲೇ ಅಪ್ಪನನ್ನು ಕೇಳಿದ್ದಳು. ಅಪ್ಪ ರಂಗಸ್ವಾಮಿ ಅತ್ತ ಕಡೆಯಿಂದ, ನಮ್ಮಪ್ಪನ ಮುಖ ನೆಟ್ಟಗೆ ನೋಡಿ ಮಾತಾಡೋ ಹಾಗಿತ್ತೇನಮ್ಮ ನಮ್ಮ ಕಾಲದಲ್ಲಿ, ಅವನು ಮಾತಾಡಿದರೆ ನಾನು ನೆಲ ನೋಡ್ತಿದ್ದೆ ಎಂದ. ಮೈಸೂರಿಗೆ ಬಂದಿದ್ದ ಅವ್ವನನ್ನು ಕೇಳಿದಳು. ಪುಟ್ಟಲಕ್ಷ್ಮಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕು, ಮಾವನ ಮುಖಕ್ಕೆ ಮುಖ ಕೊಟ್ಟು ನೋಡೋ ಸೊಸೆ ಯಾವಳವ್ವ, ನಂಗೆ ಅವರ ಕಾಲು ಗೊತ್ತು, ದನಿ ಗೊತ್ತು, ಅಷ್ಟೇ ಎಂದಳು. ಇನ್ನು ಅಜ್ಜಿ. ಅಪ್ಪನ ಕೈಲಿ ಕೇಳಿಸಿದರೆ ಮಂಗಳಮ್ಮನಿಗೆ ಪ್ರಶ್ನೆಗೇ ಕೋಪ ಬಂದಿತ್ತು. ಕಣ್ಣು ಕಣ್ಣಂಗಿದ್ವು ಅಂದಿದ್ದಳು. ಒಂದು ಮನೆಯಲ್ಲಿ ಅಷ್ಟು ವರ್ಷ ಇದ್ದು, ಅಷ್ಟು ಜನರ ನಡುವೆ ಉಂಡು ಎದ್ದು ಹೋದ ಮನುಷ್ಯನ ಕಣ್ಣನ್ನು ಯಾರೂ ನೋಡಿರಲಿಲ್ಲ. ಹೋಗಲಿ ಅವರೆಲ್ಲ ಭಯಕ್ಕೋ ಮರ್ಯಾದೆಗೋ ನೋಡಿರಲಿಲ್ಲ ಅನ್ನೋಣ, ನಿನಗೇನಾಗಿತ್ತು ಧಾಡಿ? ನೀನು ನೋಡುವುದನ್ನೇ ಕಲಿಯುವುದಕ್ಕೆ ಸರ್ಕಾರದ ಸ್ಕಾಲರ್‌ಶಿಪ್ಪು ತಗೊಂಡು ಹೋದವಳು. ಹಾಗೆಂದು ತನಗೆ ತಾನೇ ಅಂದುಕೊಂಡಳು. ಬಸ್ಸು ಹೊರಟಿತು.

ಹಾಸ್ಟೆಲ್ಲಿನಲ್ಲಿ ನಿನ್ನೆ ನೆಗೆಟಿವ್‌ಗಳನ್ನೆಲ್ಲ ಬಲ್ಬಿಗೆ ಹಿಡಿದು ಹುಡುಕಿದ್ದಳು. ಬೇಸಿಗೆಯಲ್ಲಿ ಕಾಲೇಜಿನ ಕ್ಯಾಮೆರಾ ತಂದು ತಾತನನ್ನೇ ಎಷ್ಟೊಂದು ತೆಗೆದಿದ್ದಳು. ಹಿಮ್ಮಡಿ ಇತ್ತು, ಹೆಗಲ ಮೇಲಿನ ಟವೆಲ್ಲಿತ್ತು, ಕತ್ತಿನ ಹಿಂಭಾಗದ ಸುಕ್ಕಿತ್ತು, ಗುದ್ದಲಿ ಇತ್ತು, ಒಂದರಲ್ಲಿ ಗಲ್ಲದ ತುದಿ ಬಂದಿತ್ತು. ಮುಖ ತೆಗೆಯುವುದು ಸ್ಟುಡಿಯೋದವನ ಕೆಲಸ, ಮುಖ ಇಲ್ಲದೆ ಮನುಷ್ಯನನ್ನು ತೋರಿಸಿ ಎನ್ನುತ್ತಿದ್ದರು ಮೇಷ್ಟ್ರು, ಅವಳು ಅದನ್ನು ವೇದವಾಕ್ಯ ಮಾಡಿಕೊಂಡಿದ್ದಳು. ಕೈಯ ಫೋಟೊವಂತೂ ಎಲ್ಲರಿಗೂ ಹಿಡಿಸಿತ್ತು. ಕುಳ್ಳಯ್ಯ ಬಾವಿ ತೋಡುವವನು. ಹೆಸರಿಗೆ ಕುಳ್ಳಯ್ಯ, ಆಳು ಮಾತ್ರ ಯಾವ ಬಾಗಿಲಿಗೆ ಹೋದರೂ ತಲೆ ತಗ್ಗಿಸಬೇಕಾದಷ್ಟು ಉದ್ದ. ಆ ಹೋಬಳಿಯ ಎಷ್ಟೋ ಬಾವಿಗಳಲ್ಲಿ ಮೊದಲ ನೀರು ಕಂಡವನು ಅವನು, ಆಮೇಲೆ ಅದೇ ಬಾವಿಗಳ ಕಟ್ಟೆಯ ಹತ್ತಿರ ಬರಬೇಡ ಅನ್ನಿಸಿಕೊಂಡವನೂ ಅವನೇ. ಕಲ್ಲು ಬಿದ್ದು ಸೊಟ್ಟಗಾದ ಬೆರಳು, ಬಿರುಕುಬಿಟ್ಟ ಅಂಗೈ. ಅದರ ಎದುರಿನ ಪದ್ಯಕ್ಕೆ ಅವಳು ‘ಈ ಕೈ ನೀರನ್ನು ನೋಡಿತ್ತು ಕಣ್ಣಿಗಿಂತ ಮೊದಲು’ ಎಂದು ಬರೆದಿದ್ದಳು. ಬರೆದು ತಾನೇ ಮೆಚ್ಚಿಕೊಂಡಿದ್ದಳು. ಈಗ ಆ ಸಾಲು ನೆನಪಾದರೆ ಕಪಾಳಕ್ಕೆ ಹೊಡೆದ ಹಾಗಾಗುತ್ತಿತ್ತು.

ಮುಖವಿದ್ದ ಇನ್ನೊಂದು ಫೋಟೊ ಇತ್ತು, ಇಲ್ಲ ಅನ್ನುವ ಹಾಗಿಲ್ಲ. ಓಟಿನ ಗುರುತಿನ ಚೀಟಿಯದು. ಊರಿನ ಶಾಲೆಯಲ್ಲಿ ಸಾಲಾಗಿ ಕೂರಿಸಿ ತೆಗೆದಾಗ ಕುಳ್ಳಯ್ಯ ಸರಿಯಾದ ಹೊತ್ತಿಗೆ ರೆಪ್ಪೆ ಬಡಿದುಬಿಟ್ಟಿದ್ದ. ಚೀಟಿ ಬಂದಾಗ ನೋಡಿದರೆ ಕಣ್ಣು ಮುಚ್ಚಿಕೊಂಡಿದ್ದಾನೆ. ಅಲ್ಲಿಂದ ಶುರುವಾಯಿತು ಊರವರ ತಮಾಷೆ. ಕುಳ್ಳಯ್ಯ ನಿದ್ದೆಗಣ್ಣಲ್ಲಿ ಓಟ್ ಹಾಕುವವನು, ಕುಳ್ಳಯ್ಯನಿಗೆ ಯಾರಿಗೆ ಒತ್ತಿದೆ ಅಂತಲೇ ಗೊತ್ತಿಲ್ಲ, ಹೀಗೆ. ಹೋಟೆಲಿನ ಹೊರಗೆ ಕೂತು ಟೀ ಕುಡಿಯುವಾಗ ಒಳಗಿದ್ದವರು ಕೂಗಿ ಕೇಳುತ್ತಿದ್ದರು, ಎದ್ದಿದೀಯೇನ್ಲಾ ಕುಳ್ಳ ಅಂತ. ಅವನು ಎಲ್ಲರ ಜೊತೆ ನಗುತ್ತಿದ್ದ. ಚೀಟಿಯನ್ನು ಮಾತ್ರ ಮನೆಯ ತೊಲೆಯ ಸಂದಿಗೆ ಸಿಕ್ಕಿಸಿದವನು ಮತ್ತೆ ತೆಗೆಯಲಿಲ್ಲ. ಬದುಕಿದ್ದಾಗ ಒಂದು, ಸತ್ತಾಗ ಒಂದು, ಎರಡರಲ್ಲೂ ಕಣ್ಣು ಮುಚ್ಚಿದ್ದೇ.

ನಾಗಮಂಗಲದಲ್ಲಿ ಇಳಿದು, ದೇವಲಾಪುರದ ಬಸ್ಸಿಗೆ ಹೊತ್ತಿದೆ ಎಂದು ತಮ್ಮಯ್ಯನ ಸ್ಟುಡಿಯೋಕ್ಕೆ ಹೋದಳು. ಸಣ್ಣ ಬ್ರಷ್ಷೊಂದು ಬೇಕಿತ್ತು ಅನ್ನುವುದು ನೆಪ. ಕೈಲಾಗದಿದ್ದರೆ ಇವನಿಗೇ ಕೊಟ್ಟುಬಿಡುವುದು ಅನ್ನುವುದು ಒಳಗಿನ ಲೆಕ್ಕ. ಹಬ್ಬದ ಮುಂಚಿನ ದಿನವಾದ್ದರಿಂದ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಂಚಿನ ಮೇಲೆ, ಬಾಗಿಲಲ್ಲಿ, ಮೆಟ್ಟಿಲ ಮೇಲೆ ಜನ ತಮ್ಮ ತಮ್ಮ ಸತ್ತವರಿಗಾಗಿ ಕಾಯುತ್ತಿದ್ದರು. ಒಣಗಲೆಂದು ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದ ಮುಖಗಳಲ್ಲಿ ಎಲ್ಲ ಅದೇ ಕಣ್ಣುಗಳು. ಒಬ್ಬ ಮುದುಕಿ ತನ್ನ ಪಟವನ್ನು ತಗೊಂಡು, ದೂರ ಹಿಡಿದು, ಹತ್ತಿರ ಹಿಡಿದು, ಆಮೇಲೆ ಅದರ ಕೆನ್ನೆಗೆ ಕೆನ್ನೆಯಿಟ್ಟು ಗೊಳೋ ಎಂದು ಅತ್ತಳು. ಯಶೋಧರಾ ತನ್ನ ಪದ್ಯವನ್ನು ನೆನೆದು ನಾಲಿಗೆ ಕಚ್ಚಿಕೊಂಡಳು. ತಮ್ಮಯ್ಯ ಅವಳ ಕಟ್ಟನ್ನು ಬಿಚ್ಚಿಸಿ ನೋಡಿ, ಬೆಳಕು ಸೊಗಸಾಗೈತೆ, ನಿಮ್ಮ ಕಾಲೇಜಲ್ಲಿ ಕಣ್ಣು ಹೇಳ್ಕೊಡಲ್ವಾ ಎಂದು ನಕ್ಕ. ಸಂಜೆಯೊಳಗೆ ಬಿಡಿಸಿಕೊಡ್ತೀನಿ, ಇಟ್ಟು ಹೋಗು ಎಂದ. ಯಾರ ಕಣ್ಣು ಬಿಡಿಸ್ತೀರಿ ಎಂದು ಕೇಳಿದಳು. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಕ್ಯಾಲೆಂಡರಿನ ದೇವರ ಕಣ್ಣು ನೋಡಿಕೊಂಡು ಕಲಿತದ್ದು, ಇವತ್ತಿನವರೆಗೂ ಯಾರೂ ತಿರುಗಿಸಿ ತಂದಿಲ್ಲ ಎಂದ. ಅವಳು ಬ್ರಷ್ಷೊಂದನ್ನು ಕೊಂಡು, ಫೋಟೊ ಕಟ್ಟಿಕೊಂಡು ಹೊರಗೆ ಬಂದಳು. ಕೊಟ್ಟುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಯಾಕೆ ಕೊಡಲಿಲ್ಲ ಅಂದರೆ ಅಭಿಮಾನವೋ, ಹೊಟ್ಟೆಯುರಿಯೋ, ಅವಳಿಗೂ ಗೊತ್ತಾಗಲಿಲ್ಲ.

ಊರು ಸೇರಿದಾಗ ಮಧ್ಯಾಹ್ನ. ಅವ್ವ ಒಳಗೆ ಹಿಟ್ಟು ಕುಟ್ಟುತ್ತಿದ್ದಳು, ಅಪ್ಪ ಹೊಸ ಪಂಚೆ ತರಲು ಹೋಗಿದ್ದ. ಯಶೋಧರಾ ಜಗಲಿಯ ಮೇಲೆ ಫೋಟೊ ಹರಡಿಕೊಂಡು ಕೂತಳು. ನೆಗೆಟಿವ್ ಇದೆಯಲ್ಲ, ಪುಸ್ತಕಕ್ಕೆ ಮುಚ್ಚಿದ ಕಣ್ಣಿನದು, ಮನೆಗೆ ತೆರೆದ ಕಣ್ಣಿನದು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಸಮಾಧಾನ ಮಾಡಿಕೊಂಡಳು. ದವಡೆಯ ಬಟ್ಟೆ ಬಣ್ಣದಡಿ ಸುಲಭವಾಗಿ ಹೋಯಿತು. ಹಣೆಯ ಕಾಸೂ ಹೋಯಿತು. ರೆಪ್ಪೆಯ ಹತ್ತಿರ ಬಂದಾಗ ಕೈ ನಿಂತಿತು. ಬೇರೆ ಕಾಗದದ ಮೇಲೆ ಒಂದು ಜೊತೆ ಬಿಡಿಸಿದಳು, ಅವು ಅಪ್ಪನವಾದವು. ಇನ್ನೊಂದು ಬಿಡಿಸಿದಳು, ಅವು ಯಾರವೂ ಅಲ್ಲ. ಮೂರನೆಯವು, ಕರ್ಮ, ತಮ್ಮಯ್ಯನವೇ ಆಗಿಬಿಟ್ಟವು. ಹೋಗುವವರು ಬರುವವರು ನಿಂತು ಒಂದೊಂದು ಹೇಳಿದರು. ಸಣ್ಣ ಕಣ್ಣು ಎಂದ ಒಬ್ಬ. ಏ ಇಲ್ಲ, ಎತ್ತಿನ ಹಾಗೆ ದೊಡ್ಡವು ಎಂದ ಇನ್ನೊಬ್ಬ. ಮಾಲಗಣ್ಣು ಇತ್ತಲ್ಲವಾ ಎಂದು ಕೇಳಿದವನಿಗೆ ಒಳಗಿನಿಂದಲೇ ಮಂಗಳಮ್ಮ ಮಂಗಳಾರತಿ ಮಾಡಿದಳು. ಅಮ್ಮಣ್ಣಿ ಮೈಸೂರಲ್ಲಿ ಓದ್ತಾಳೆ, ತಾತನ ಕಣ್ಣು ಗೊತ್ತಿಲ್ವಂತೆ ಅಂತ ದೂರ ಹೋದ ಮೇಲೆ ಯಾರೋ ನಗುವುದು ಕೇಳಿಸಿತು. ಬೆಳಕು ಇಳಿಯುತ್ತಿತ್ತು.

ಅಜ್ಜೀ, ಇದನ್ನ ಒಂಚೂರು ಎತ್ತಿ ಹಿಡಕೋ, ನೆರಳು ಬೀಳ್ತಾ ಇದೆ ಎಂದು ಕರೆದಳು. ಮಂಗಳಮ್ಮ ಕೈ ಒರೆಸಿಕೊಂಡು ಬಂದು, ಜಗಲಿಯ ಕಲ್ಲಿನ ಮೇಲೆ ಕೂತು, ಫೋಟೊವನ್ನು ಎದೆಗೆ ಹಿಡಿದುಕೊಂಡಳು. ಮೊಮ್ಮಗಳು ಅಷ್ಟು ದೂರದಿಂದ ಒಂದು ಕಣ್ಣು ಕಿರಿದು ಮಾಡಿ ನೋಡಿದ್ದನ್ನು ಕಂಡು ತನ್ನನ್ನೂ ಸೇರಿಸಿ ಫೋಟೊ ತೆಗೆಯುತ್ತಿದ್ದಾಳೆ ಅಂದುಕೊಂಡಳೋ ಏನೋ. ಸೆರಗು ಸರಿಮಾಡಿಕೊಂಡಳು, ಉಸಿರು ಬಿಗಿಹಿಡಿದಳು, ಕಣ್ಣನ್ನು ಆದಷ್ಟು ಅಗಲ ಬಿಟ್ಟುಕೊಂಡು ಕೂತಳು. ಯಶೋಧರಾ ಬ್ರಷ್ಷು ಕೆಳಗಿಟ್ಟಳು. ಅದೇ ಕಲ್ಲು. ಬೇಸಿಗೆಯಲ್ಲಿ ತಾತ ಕೂತದ್ದು ಅಲ್ಲೇ. ಬೆಳಗ್ಗೆಯೇ ಗಡ್ಡ ಹೆರೆಸಿಕೊಂಡು, ತಲೆಗೆ ಎಣ್ಣೆ ಹಚ್ಚಿ, ಅಪ್ಪನ ಬಿಳಿ ಅಂಗಿ ಈಸಿಕೊಂಡು ಹಾಕಿಕೊಂಡು ಬಂದಿದ್ದ. ಆ ಅಂಗಿ ಕಂಡು ಅವಳಿಗೆ ಸಿಟ್ಟು ಬಂದಿತ್ತು. ಅಂಗಿ ಫ್ರೇಮಿನಲ್ಲಿ ಬರಬಾರದು ಅಂತಲೇ ಹತ್ತಿರ ಹೋಗಿ, ಮಂಡಿಯೂರಿ, ತೊಡೆಯ ಮೇಲಿದ್ದ ಕೈಗೆ ಲೆನ್ಸು ತಿರುಗಿಸಿದ್ದಳು. ನೋಡ್ತಾವ್ನಿ ಕಣವ್ವ, ತಗಿ ಎಂದಿದ್ದ ಮೇಲಿನಿಂದ. ಅಲ್ಲಾಡಬೇಡ ತಾತ ಎಂದು ಇವಳು. ಫೋಕಸ್ಸು ಸಿಗಲು ತುಂಬ ಹೊತ್ತಾಯಿತು. ರೀಲು ತಿರುಗಿಸುವಾಗ ಒಂದು ಕ್ಷಣ ತಲೆ ಎತ್ತಿದ್ದಳು. ಅವನು ಎದುರಿನ ಬೇವಿನ ಮರದ ಕಡೆ ನೆಟ್ಟ ನೋಟದಲ್ಲಿ ಕೂತಿದ್ದ. ಕಣ್ಣು ಅಗಲ ಬಿಟ್ಟು, ರೆಪ್ಪೆ ಬಡಿಯದೆ, ಕೆಳರೆಪ್ಪೆಯ ತುಂಬ ನೀರು ತುಂಬಿಕೊಂಡು. ಬಿಸಿಲಿಗೆ ಅಂದುಕೊಂಡಿದ್ದಳು. ಅಂದುಕೊಂಡು ಮತ್ತೆ ಕೈಗೆ ಬಗ್ಗಿದ್ದಳು. ಆಯ್ತಾ ಎಂದು ಅವನು ಕೇಳಿದ, ಆಯ್ತು ತಾತ ಎಂದಳು. ಆಗ ಅವನು ಕಣ್ಣು ಮುಚ್ಚಿ, ಅಂಗಿಯ ತೋಳಿನಿಂದ ಒರೆಸಿಕೊಂಡು, ದೊಡ್ಡದಾಗಿ ನಕ್ಕಿದ್ದ.

ಕತ್ತಲಾಗುವುದರೊಳಗೆ ಅವಳು ಬಿಡಿಸಿ ಮುಗಿಸಿದಳು. ಕಂದು ಬಣ್ಣ ಅಂಚಿನಲ್ಲಿ ಮಾಸಿದ ಹಾಗೆ, ಬಲಗಡೆಯದು ತುಸು ಸಣ್ಣ, ಕೆಳರೆಪ್ಪೆಯ ಮೇಲೆ ತೆಳ್ಳಗೆ ನೀರಿನ ಗೆರೆ. ಯಾರನ್ನೂ ಕೇಳಲಿಲ್ಲ.

ಮಾರನೇ ದಿನ ಅಡುಗೆಯೆಲ್ಲ ಆಗಿ, ಗೋಡೆಗೆ ಪಟ ಒರಗಿಸಿ, ಹೊಸ ಪಂಚೆ ಟವೆಲ್ಲು ಮುಂದಿಟ್ಟು, ಬಾಳೆಲೆಯ ಮೇಲೆ ಮುದ್ದೆ, ಬಾಡಿನ ಸಾರು, ವಡೆ, ಕಜ್ಜಾಯ, ಒಂದು ಕಟ್ಟು ಬೀಡಿ ಬಡಿಸಿದ್ದಾಯಿತು. ಮಂಗಳಮ್ಮ ಪಟವನ್ನು ತುಂಬ ಹೊತ್ತು ನೋಡಿದಳು. ಸಾಂಬ್ರಾಣಿ ಹಾಕಿ ಎಲ್ಲರೂ ಹೊರಗೆ ಬಂದರು, ಅಪ್ಪ ಬಾಗಿಲು ಮುಂದಕ್ಕೆ ಎಳೆದ. ಹಿರಿಯರು ಬಂದು ಉಣ್ಣುವಾಗ ಯಾರೂ ಒಳಗಿರಬಾರದು. ಅಪ್ಪ, ಅವ್ವ ಅಂಗಳದಲ್ಲಿ ನಿಂತರು. ಯಶೋಧರಾ ಜಗಲಿಯ ತುದಿಗೆ ಹೋಗಿ ಕೂತಳು. ಮಂಗಳಮ್ಮ ಬಂದು ಪಕ್ಕದಲ್ಲಿ ಕೂತು, ಮೊಮ್ಮಗಳ ತಲೆ ಸವರಿದಳು.

“ಅವೇ ಕಣ್ ಮೊಗ. ನಿಮ್ ತಾತುನ್ ಕಣ್ಣೇ. ಅವತ್ತು ನೀನು ಫೋಟೊ ತಗೀವಾಗ ಇಂಗೇ ಬುಟ್ಕಂಡು ಕುಂತಿದ್ದ. ನಾನು ಬಾಗ್ಲಲ್ಲೇ ನಿಂತಿದ್ನಲ್ಲ.”

ಯಶೋಧರಾ ತಲೆಯಾಡಿಸಿದಳು. ಅಷ್ಟಕ್ಕೇ ನಿಂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಅಜ್ಜಿಗೆ ಆಗಲೇ ಇನ್ನೊಂದು ಹೊಳೆದಿತ್ತು.

“ಅಲ್ಲಾ, ಆ ಫೋಟೊ ಏನಾಯ್ತು? ಅದ್ನೇ ಇಕ್ಕುದ್ರೆ ಆಗ್ತಿತ್ತಲ್ಲ. ಈ ಬಣ್ಣ ಗಿಣ್ಣ ಯಾಕ್ ಬೇಕಿತ್ತು?”

ಸುಟ್ಟುಹೋಯಿತು ಅನ್ನಬಹುದಿತ್ತು. ಕಾಲೇಜಿನವರು ಇಟ್ಟುಕೊಂಡರು ಅಂದರೂ ನಡೆಯುತ್ತಿತ್ತು. ಬಸ್ಸಿನಲ್ಲಿ ದೇವರ ಪಟ ಎಂದು ಸುಳ್ಳು ಹೇಳಿದ ನಾಲಿಗೆ ಈಗ ಏಳಲಿಲ್ಲ. ಜಗಲಿಯ ಗೂಟದಲ್ಲಿದ್ದ ಚೀಲದಿಂದ ಅವಳು ಪುಸ್ತಕ ತೆಗೆದಳು, ತಾನೇ ಹೊಲಿದು ರಟ್ಟು ಹಾಕಿದ ಪುಸ್ತಕ. ಕೈಯ ಪುಟ ಬಿಚ್ಚಿ ಅಜ್ಜಿಯ ತೊಡೆಯ ಮೇಲಿಟ್ಟಳು.

ಮಂಗಳಮ್ಮನಿಗೆ ಕೂಡಲೇ ಗುರುತು ಸಿಕ್ಕಿತು. ಸೊಟ್ಟ ಬೆರಳಿನ ಮೇಲೆ ಬೆರಳಾಡಿಸಿ, ಇದು ಕಲ್ಲು ಬಿದ್ದುದ್ದು, ರಂಗ ಆಗಿನ್ನೂ ಹೊಟ್ಟೇಲಿದ್ದ ಎಂದಳು. ಪುಟ ತಿರುಗಿಸಿದಳು. ಮತ್ತೆ ಹಿಂದಕ್ಕೆ ಬಂದಳು. “ಮಕ ಎಲ್ಲವ್ವ?”

“ಮೇಲಿತ್ತು ಅಜ್ಜಿ.”

ಮಂಗಳಮ್ಮ ಫೋಟೊದ ಮೇಲಂಚಿನ ಆಚೆಗಿದ್ದ ಬಿಳಿ ಕಾಗದದ ಮೇಲೆ ಅಂಗೈ ಇಟ್ಟಳು. ಒಲೆಯ ಮೇಲಿನ ಹೆಂಚು ಕಾದಿದೆಯೋ ಇಲ್ಲವೋ ನೋಡುವವಳ ಹಾಗೆ ಸ್ವಲ್ಪ ಹೊತ್ತು ಇಟ್ಟುಕೊಂಡೇ ಇದ್ದಳು. ಎದುರಿಗಿದ್ದ ಪದ್ಯ ಅವಳಿಗೆ ಓದಲು ಬರುತ್ತಿರಲಿಲ್ಲ. ಯಶೋಧರಾಗೆ ಅದೊಂದೇ ಆಗ ಇದ್ದ ನೆಮ್ಮದಿ.

“ತಗೀಲಿಲ್ವಾ?”

“ಇಲ್ಲ.”

“ತಗದ್ಲು ಅಂದ್ಕಂಡೇ ಹೋದ ಕಣವ್ವ,” ಎಂದಳು ಮಂಗಳಮ್ಮ. ಬೈಗುಳವಿರಲಿಲ್ಲ, ಅಳುವೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವ ದನಿ. “ಅವತ್ತೇ ಹೋಟ್ಲು ತಾವ ಹೋಗಿ ಎಲ್ಲಾರ್ಗೂ ಹೇಳ್ಕಂಡ್ ಬಂದಿದ್ದ. ಈ ಸರ್ತಿ ಕಣ್ ಮಿಟುಕ್ಸಲಿಲ್ಲ, ನಮ್ ಮೊಗ ತಗದವ್ಳೆ, ಬರ್ಲಿ ತೋರುಸ್ತೀನಿ ಅಂತ.”

ಪುಸ್ತಕ ಮುಚ್ಚಿ ಮೊಮ್ಮಗಳ ಕೈಗೆ ಕೊಟ್ಟಳು. ಅಷ್ಟರಲ್ಲಿ ಅಪ್ಪ, ಸಾಕು, ಉಂಡಿರ್ತಾನೆ ಎಂದು ಬಾಗಿಲ ಹತ್ತಿರ ಹೋದ. ಬಾಗಿಲು ತಟ್ಟಿ, ಒಳಗಿರುವವನಿಗೆ ಕೇಳುವ ಹಾಗೆ, ಬತ್ತೀವಿ ಕಣಪ್ಪ ಎಂದು ಕೂಗಿ ತೆರೆದ. ಹೊಗೆ ಹೊರಗೆ ನುಗ್ಗಿತು. ಮಂಗಳಮ್ಮ ಎದ್ದು ಯಶೋಧರಾಳ ರಟ್ಟೆ ಹಿಡಿದು, ಎಲ್ಲರಿಗಿಂತ ಮುಂದೆ ಅವಳನ್ನು ಒಳಗೆ ಕರೆದುಕೊಂಡು ಹೋಗಿ, ಎಡೆಯ ಎದುರು ಕೂರಿಸಿದಳು. ನೋಡು ಎಂದಳು, ಅಷ್ಟೇ. ಕುಳ್ಳಯ್ಯ ಎದುರಿಗೇ ಇದ್ದ, ಕಣ್ಣು ಅಗಲ ಬಿಟ್ಟುಕೊಂಡು. ಇಷ್ಟು ಹತ್ತಿರದಿಂದ, ಇಷ್ಟು ನೇರವಾಗಿ ಅವನ ಮುಖವನ್ನು ಅವಳು ಯಾವತ್ತೂ ನೋಡಿರಲಿಲ್ಲ. ಹೊಗೆಗೆ ಕಣ್ಣು ಉರಿಯತೊಡಗಿತು, ನೀರು ತುಂಬಿತು, ಆದರೂ ತಡೆದುಕೊಂಡು ನೋಡಿದಳು. ಮೊದಲು ರೆಪ್ಪೆ ಬಡಿದವಳು ಅವಳೇ.